ಶೇಷ ಹದಿನಾರು

ನಕ್ಷೆ ಬಿಚ್ಚಿದೆವು ಬೆಂಚಿನ ಮೇಲೆ.
ಗಾಳಿಗೆ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು.
ಮೂಲೆಗೊಂದು ಭಾರ ಇಟ್ಟರು:
ಖಡುವಿನ ಡಬ್ಬಿ, ಹಾಜರಿ ಪುಸ್ತಕ,
ಇರಗೊಂಡ ಗುರುಗಳ ಚಷ್ಮಾದ ಪೆಟ್ಟಿಗೆ.
ನಾಲ್ಕನೆಯದಕ್ಕೆ ಏನೂ ಸಿಗದೆ
ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಕೈ ಊರಿ ನಿಂತಳು.

ನಾನು ಗಟ ಶಿಕ್ಷಣಾಧಿಕಾರಿ.
ಜತ್ತ ತಾಲ್ಲೂಕಿನ ಗಡಿಯ ಸಾಲಿಗಳೆಲ್ಲ
ನನ್ನ ಫೈಲಿನಲ್ಲಿ ಒಂದೊಂದು ಸಾಲು.
ದೊಡ್ಡ ಕಚೇರಿ ಸಾಂಗಲಿಯಲ್ಲಿ, ಕಾಗದ ಮರಾಠಿಯಲ್ಲಿ,
ಇಲ್ಲಿ ಮಕ್ಕಳು ಎಣಿಸುವುದು ಒಂದು, ಎರಡು, ಮೂರು.
ನಡುವೆ ನಾನು,
ಎರಡೂ ಲಿಪಿಯಲ್ಲಿ ಸಹಿ ಬರುವವಳು.

ಸೂತ್ರ ಸರಳ: ಮೂವತ್ತು ಮಕ್ಕಳಿಗೆ ಒಂದು ಖೋಲಿ.
ತಲೆ ಎಣಿಸು, ಭಾಗಿಸು,
ಶೇಷ ಬಿಟ್ಟುಬಿಡು.
ಈ ಶೇಷ ಎಂಬುದು
ದಸರೆ ಮುಗಿದದ್ದೇ ಕಬ್ಬು ಕಡಿಯುವವರ ಟ್ರಾಕ್ಟರು ಹತ್ತಿ
ಯುಗಾದಿಗೆ ಮರಳುತ್ತದೆ
ಎರಡು ಬೆರಳು ಎತ್ತರವಾಗಿ, ಏಳರ ಮಗ್ಗಿ ಮರೆತು.
ಅದಕ್ಕೆಷ್ಟು ಚದರ ಅಡಿ?

ಕದಮ ಇಂಜಿನಿಯರ ಅಂದ:
"ಮಂಜೂರಾದದ್ದು ಒಂದೇ ಖೋಲಿ ಮ್ಯಾಡಮ್,
ನಮೂನೆ ಜಿಲ್ಲೆಗೆಲ್ಲ ಒಂದೇ."
ಕೃಷ್ಣೆಯ ದಂಡೆಗೂ ಅದೇ,
ಇಲ್ಲಿ ಬೋರಗಿವಾಡಿಯ ಬಿಸಿಲಿಗೂ ಅದೇ,
ಕಿಟಕಿಯೆರಡೂ ಪಡುವಣಕ್ಕೆ.

ಮೌಲಾಸಾಬ ಗೌಂಡಿಗೆ ನಕ್ಷೆ ಓದಲು ಬರುವುದಿಲ್ಲ.
ಒಂದು ಹಿಡಿ ಎರಿ ಮಣ್ಣು ಎತ್ತಿ ಹಿಚುಕಿ ನೋಡಿದ.
"ಬ್ಯಾಸಗ್ಯಾಗ ಬಾಯಿ ಬಿಡತೈತ್ರಿ ಇದು,
ಮಳ್ಯಾಗ ಹೊಟ್ಟಿ ಉಬ್ಬಸತೈತಿ.
ಹಳೇ ಗ್ವಾಡಿ ಯಾಕ ಸೀಳಿತು, ಇದನ್ನ ಕೇಳ್ರಿ.
ನೀವು ಮೂರು ಅಡಿ ಬುನಾದಿ ಬರದೀರಿ.
ಕಲ್ಲು ಹತ್ತೂದು ಏಳಕ್ಕ."
ನಡುವಿನ ಆ ನಾಲ್ಕಡಿಗೆ
ನನ್ನ ಅಂದಾಜು ಪತ್ರದಲ್ಲಿ ಕಾಲಮ್ಮೇ ಇಲ್ಲ.

ಆಮೇಲೆ, ಯಾಕೆ ಅನಿಸಿತೋ,
ಒಂದು ಬುಟ್ಟಿ ಸುಣ್ಣದ ಪುಡಿ ತರಿಸಿದೆ.
ಬಯಲಿನಲ್ಲಿ ಖೋಲಿಯನ್ನು ಅದರ ನಿಜದ ಅಳತೆಗೇ ಎಳೆದೆವು.
ಗೋಡೆಯೆಂದರೆ ಗೆರೆ,
ಬಾಗಿಲೆಂದರೆ ಗೆರೆ ಬಿಟ್ಟ ಜಾಗ.
"ಹೋಗ್ರಿ, ಒಳಗ ಕುಂಡರ್ರಿ."

ಮಕ್ಕಳು ಚಪ್ಪಲಿ ಬಿಟ್ಟರು.
ಸುಣ್ಣದ ಗೆರೆಯ ಹೊರಗೆ, ಸಾಲಾಗಿ, ಚಪ್ಪಲಿ ಬಿಟ್ಟು
ಇಲ್ಲದ ಹೊಸ್ತಿಲು ದಾಟಿ ಒಳಗೆ ಹೋದರು.
ಒಬ್ಬನೂ ಗೋಡೆ ತುಳಿಯಲಿಲ್ಲ.
ಮೊಣಕಾಲಿಗೆ ಮೊಣಕಾಲು ತಾಗಿ ಮೂವತ್ತು ಮಂದಿ ತುಂಬಿದರು.
ಉಳಿದವರು ಕಿಟಕಿ ಬರಬೇಕಾದಲ್ಲಿ ನಿಂತು
ಅಡ್ಡ ಏನೇನೂ ಇಲ್ಲದಿದ್ದರೂ
ಬಗ್ಗಿ, ಕತ್ತು ಚಾಚಿ, ಒಳಗೆ ಇಣುಕಿದರು.
ಕದಮ ಪೆನ್ನನ್ನು ಕಿಸೆಗೆ ಇಟ್ಟುಕೊಂಡ.

ಹೊರಗಿನವರನ್ನು ಎಣಿಸಿದೆ. ಹದಿನೈದು.
ಪಟದ ಮೇಲೆ ನಲವತ್ತಾರು.
ಇನ್ನೊಬ್ಬಳೆಲ್ಲಿ?
ತಂಗೆವ್ವ ಬೆಂಚಿನ ಹತ್ತಿರವೇ ಇದ್ದಳು,
ಅಂಗೈ ಹಾಗೇ ನಕ್ಷೆಯ ಮೂಲೆಗೆ.
"ನೀ ಯಾಕ ಹೋಗ್ಲಿಲ್ಲ?"
"ಕೈ ತಗದ್ರ ಸಾಲಿ ಸುತ್ತಿಕೋತೈತ್ರಿ."

ಕಟ್ಟಡದ ಆಯುಷ್ಯ ಐವತ್ತು ವರ್ಷ ಅನ್ನುತ್ತಾರೆ,
ನನ್ನ ಕುರ್ಚಿಯದು ಹೆಚ್ಚೆಂದರೆ ಮೂರು.
ಬದಲಿಯಾಗಿ ಹೋದಮೇಲೆ ಯಾವುದೋ ಊರಿನ ಬಸ್ಸಿನಲ್ಲಿ ಕೂತು
ಈ ಗೋಡೆ ಸೀಳಿದ ಸುದ್ದಿ ಕೇಳಿದರೆ
ಟಿಕೀಟು ಮಡಚುತ್ತ ಸುಮ್ಮನಿರಬಹುದು ನಾನು.
ಇದ್ದೇನೆ ಹಿಂದೆ, ಒಂದು ಸಲ.

ಸಂಜೆ ಯಾರದೋ ಆಡುಗಳು ಬಂದವು,
ಅಡ್ಡಡ್ಡ ನಡೆದು ಗೋಡೆ ಅಳಿಸಿದವು,
ಒಂದು ಮಾತ್ರ, ಪುಣ್ಯಾತ್ಮ, ಬಾಗಿಲಿನಿಂದಲೇ ಹೋಯಿತು.

ಆ ರಾತ್ರಿ ಸಹಿ ಮಾಡಲಿಲ್ಲ. ಪರಾಕ್ರಮವೇನಲ್ಲ,
ಮಾರ್ಚಿ ದಾಟಿದರೆ ದುಡ್ಡು ವಾಪಸು, ಗೊತ್ತು.
ನಕ್ಷೆಯ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬರೆದೆ:
ಬುನಾದಿ ಏಳು ಅಡಿ. ಕಿಟಕಿ ಮೂಡಣಕ್ಕೆ. ಖೋಲಿ ಎರಡು.
ಪಕ್ಕದಲ್ಲಿ ಕಾರಣ ಎಂಬ ಕಾಲಮ್ಮಿತ್ತು.
ಬಹಳ ಹೊತ್ತು ಅದರೆದುರು ಕೂತೆ.
ಚಪ್ಪಲಿ ಸಾಲಿನ ಮಾತನ್ನು ಸರಕಾರಿ ಮರಾಠಿಯಲ್ಲಿ
ಹೇಗೆ ಬರೆಯಬೇಕೋ ತಿಳಿಯಲಿಲ್ಲ.
'ಸ್ಥಳ ಪರಿಶೀಲನೆ' ಅಂತಷ್ಟೇ ಬರೆದು
ಸಾಂಗಲಿಗೆ ಕಳಿಸಿದೆ.